ಕಿಲಿಮಂಜಾರೋ ತಪ್ಪಲಿನಲ್ಲಿ ನಮ್ಮ ಸಂಸಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ನನ್ನ ಪತಿ ಭತ್ತದ ಬೇಸಾಯಗಾರರಿಗೆ ನೆರವಾಗುವ ಸ್ವಯಂಸೇವಕರಾಗಿ ಟಾಂಜಾನಿಯಾದ ಮೋಶಿ ಪಟ್ಟಣಕ್ಕೆ ಹೋದಾಗ ನಾನೂ ಇಬ್ಬರು ಮಕ್ಕಳೂ ಜೊತೆಗೆ ಹೋಗಿ ಮೂರು ವರ್ಷ ಅಲ್ಲಿದ್ದೆವು. ಆ ದಿನಗಳ ಕುರಿತು ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮುದ್ದೆ ತಿಂದು ಬೆಳೆದ ಮಕ್ಕಳು ಅಲ್ಲಿ ಏನು ತಿಂದರು? ಹಿಟ್ಟು, ಬೇಳೆಗಳನ್ನು ಊರಿನಿಂದಲೇ ಹೊತ್ತೊಯ್ದಿರಾ? (ತಿಪಟೂರು)

ಉತ್ತರ: ಹೊತ್ತೊಯ್ದೆವು, ಅದೂ ಹತ್ತು ಕಿಲೋ ರಾಗಿಹಿಟ್ಟನ್ನು. ಮೋಶಿಯ ಸಂತೆಗೆ ಮೊದಲ ಸಲ ಹೋದ ದಿನವೇ ಗೋಣಿಚೀಲಗಳ ತುಂಬ ರಾಗಿಯನ್ನು ಕಂಡು ನಾನು ನಗಬೇಕೋ ಅಳಬೇಕೋ ತಿಳಿಯದೆ ನಿಂತೆ. ಸ್ವಾಹಿಲಿಯಲ್ಲಿ ಅದಕ್ಕೆ ‘ಉಲೇಜಿ’ ಎನ್ನುತ್ತಾರೆ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನೆಲವೆಂದೂ ಅದು ನಮ್ಮಲ್ಲಿಗೆ ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದಲೇ ಬಂದದ್ದೆಂದೂ ಸಸ್ಯವಿಜ್ಞಾನಿಗಳು ಹೇಳುತ್ತಾರೆ. ಅಂದರೆ ನಾವು ರಾಗಿಯನ್ನು ಅದರ ತವರಿಗೇ ವಿಮಾನದಲ್ಲಿ ಒಯ್ದಿದ್ದೆವು. ಅಲ್ಲಿಯೂ ಎಳೆಯ ಮಕ್ಕಳಿಗೆ ಅದರ ಗಂಜಿಯನ್ನೇ ಕುಡಿಸುತ್ತಾರೆ. ದೊಡ್ಡವರ ನಿತ್ಯದ ಊಟವೆಂದರೆ ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಸುರಿದು, ನಮ್ಮ ಮುದ್ದೆಕೋಲಿನಂತೆಯೇ ಮರದ ಸಟ್ಟುಗದಲ್ಲಿ ತೊಳಸಿ ಮಾಡುವ ‘ಉಗಾಲಿ’, ನಂಜಿಕೊಳ್ಳಲು ದಂಟಿನ ಸೊಪ್ಪಿನ ಪಲ್ಯ. ಅವರು ಅದನ್ನು ಅಗಿದು ತಿನ್ನುತ್ತಾರೆ. ನನ್ನ ಮಗಳು ಅಭ್ಯಾಸಬಲದಿಂದ ನುಂಗಿದ್ದನ್ನು ನೋಡಿ ಪಕ್ಕದ ಮನೆಯ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಒಮ್ಮೆ ರಾಗಿ ಸರಿ ಮಾಡಲೆಂದು ಮೊಳಕೆ ಕಟ್ಟಿದ ರಾಗಿಯನ್ನು ಅಂಗಳದಲ್ಲಿ ಒಣಹಾಕಿದ್ದೆ. ನೆರೆಮನೆಯ ಅಜ್ಜಿ ಬಂದು, ಮನೆಯಲ್ಲಿ ಯಾರ ಮದುವೆ ಎಂದು ವಿಚಾರಿಸಿದರು. ಕಿಲಿಮಂಜಾರೋ ತಪ್ಪಲಿನ ಚಗ್ಗಾ ಜನರು ಸಮಾರಂಭಗಳಿಗೆ ಮೊಳಕೆ ರಾಗಿಯನ್ನೂ ಬಾಳೆಹಣ್ಣನ್ನೂ ಹುದುಗಿಸಿ ‘ಎಂಬೇಗೆ’ ಎಂಬ ಮದ್ಯ ತಯಾರಿಸುತ್ತಾರೆಂಬುದು ನನಗೆ ಆಮೇಲೆ ತಿಳಿಯಿತು. ನಮ್ಮಂತೆಯೇ ಭತ್ತ, ಅಕ್ಕಿ, ಅನ್ನ ಮೂರಕ್ಕೂ ಸ್ವಾಹಿಲಿಯಲ್ಲಿ ಬೇರೆಬೇರೆ ಹೆಸರುಗಳಿವೆ: ‘ಎಂಪುಂಗಾ’, ‘ಎಂಚೆಲೆ’, ‘ವಾಲಿ’. ಅನ್ನಕ್ಕೆ ವಾಲಿ ಎಂಬ ಹೆಸರು ಕೇಳಿ, ಹಾಗಾದರೆ ಸುಗ್ರೀವ ಎಲ್ಲಿ ಎಂದು ಮಗ ಕೇಳುತ್ತಿದ್ದ.

ಪ್ರಶ್ನೆ: ನಾನು ಶಿಕ್ಷಕಿಯಾಗಿದ್ದೆ. ಪತಿಯ ಜೊತೆ ಹೋದರೆ ಅಲ್ಲಿನ ಶಾಲೆಯಲ್ಲಿ ಉಚಿತವಾಗಿ ಪಾಠ ಹೇಳಬಹುದಲ್ಲವೇ? (ಮೈಸೂರು)

ಉತ್ತರ: ಹಾಗೆಂದೇ ನಾನೂ ತಿಳಿದಿದ್ದೆ. ಸಂಬಳವಿಲ್ಲದ ಕೆಲಸಕ್ಕೂ ಅಲ್ಲಿ ಅನುಮತಿ ಬೇಕು. ಪ್ರವಾಸಿ ವೀಸಾದ ಮೇಲೆ ಸೇವೆ ಮಾಡುವಂತಿಲ್ಲ. ಸ್ವಯಂಸೇವಕರಿಗೆ ಅನ್ವಯಿಸುವ ‘ಸಿ’ ವರ್ಗದ ವಾಸ ಪರವಾನಗಿ ಇದೆ. ಪತಿಗೆ ದೊರೆತ ಪರವಾನಗಿಯಿಂದ ಪತ್ನಿಗೆ ಕೆಲಸ ಮಾಡುವ ಹಕ್ಕು ಬರುವುದಿಲ್ಲವಾದ್ದರಿಂದ, ಹೊರಡುವ ಮೊದಲೇ ನಿಮ್ಮ ಹೆಸರಿನಲ್ಲಿ ಪ್ರತ್ಯೇಕ ಕಾಗದಪತ್ರ ಮಾಡಿಸಿಕೊಳ್ಳಿ. ಅದಿಲ್ಲದೆ ನಾನು ಮೊದಲ ಏಳು ತಿಂಗಳು ಮನೆಯಲ್ಲಿ ಬಟ್ಟೆ ಮಡಿಸುತ್ತ ಕಳೆದೆ.

ಇನ್ನೊಂದು ಮಾತು. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ನಡೆಯುವುದು ಸ್ವಾಹಿಲಿಯಲ್ಲಿ. ಅನುಮತಿ ಕೈಗೆ ಬಂದ ಮೇಲೆ ಮುಖ್ಯೋಪಾಧ್ಯಾಯಿನಿಯವರು ‘ಸಾ ಟಾಟು’, ಅಂದರೆ ಮೂರನೆಯ ಗಂಟೆಗೆ ಬನ್ನಿ ಎಂದರು. ಇಸ್ತ್ರಿ ಮಾಡಿದ ಸೀರೆಯುಟ್ಟು ಮಧ್ಯಾಹ್ನ ಮೂರಕ್ಕೆ ಹೋದರೆ ಶಾಲೆಗೆ ಬೀಗ ಬಿದ್ದಿತ್ತು. ಅವರು ಗಂಟೆಗಳನ್ನು ಬೆಳಗಿನ ಆರರಿಂದ ಎಣಿಸುವುದರಿಂದ ಅವರ ಮೂರನೆಯ ಗಂಟೆ ನಮ್ಮ ಬೆಳಗಿನ ಒಂಬತ್ತು. ಪಂಚಾಂಗದ ಘಳಿಗೆಗಳನ್ನು ಸೂರ್ಯೋದಯದಿಂದ ಎಣಿಸುವ ನಾಡಿನವಳಿಗೆ ಇದು ಹೊಳೆಯಬೇಕಿತ್ತು. ಕಡೆಗೆ ನಾನು ಮಾಡಿದ್ದು ಪಾಠವಲ್ಲ. ರಟ್ಟು ಕತ್ತರಿಸಿ ಗಣಿತದ ಬೋಧನೋಪಕರಣ ಮಾಡಿಕೊಟ್ಟೆ, ಮಕ್ಕಳು ನನಗೆ ಭಾಷೆ ಕಲಿಸಿದರು.

ಪ್ರಶ್ನೆ: ಮಕ್ಕಳ ಓದಿಗೆ ತೊಂದರೆಯಾಗಲಿಲ್ಲವೇ? (ಧಾರವಾಡ)

ಉತ್ತರ: ಆಯಿತು. ಅಲ್ಲಿ ಶಾಲಾ ವರ್ಷ ಜನವರಿಯಲ್ಲಿ ಆರಂಭವಾಗಿ ಡಿಸೆಂಬರಿನಲ್ಲಿ ಮುಗಿಯುತ್ತದೆ. ಹಿಂತಿರುಗಿದ ಮೇಲೆ ಇಲ್ಲಿನ ತರಗತಿಗೆ ಸೇರಿಸಲು ಐದು ತಿಂಗಳು ಕಾಯಬೇಕಾಯಿತು. ಸ್ವಾಹಿಲಿಗೆ ರೋಮನ್ ಲಿಪಿ ಇರುವುದರಿಂದ ಮಕ್ಕಳು ಕನ್ನಡದ ಒತ್ತಕ್ಷರಗಳನ್ನು ಬಹುಮಟ್ಟಿಗೆ ಮರೆತಿದ್ದರು.

ಪ್ರಶ್ನೆ: ಪರದೇಶದ ರೈತರಿಗೆ ನೆರವಾಗಲು ಹೋದಿರಿ, ಸಂತೋಷ. ಆದರೆ ವಯಸ್ಸಾದ ಅತ್ತೆಯವರನ್ನು ಯಾರ ಕೈಯಲ್ಲಿ ಬಿಟ್ಟು ಹೋದಿರಿ? ಕೇಳಿದ್ದಕ್ಕೆ ಬೇಸರಿಸಬೇಡಮ್ಮ. (ಶಿವಮೊಗ್ಗದ ಹಿರಿಯರೊಬ್ಬರು)

ಉತ್ತರ: ಬೇಸರವಿಲ್ಲ ಸರ್, ಈ ಪ್ರಶ್ನೆಗೆ ನನ್ನಲ್ಲಿ ಸಮರ್ಥನೆಯೂ ಇಲ್ಲ. ಮನೆಗೆಲಸದಾಕೆಯ ಕೈಯಲ್ಲಿ ಬಿಟ್ಟು ಹೋಗಿದ್ದೆವು.

ಸ್ವಾಹಿಲಿಯಲ್ಲಿ ‘ಪೋಲೆ’ ಎಂಬ ಮಾತಿದೆ. ಎಡವಿದವರಿಗೆ, ಜ್ವರ ಬಂದವರಿಗೆ, ದುಡಿದು ದಣಿದವರಿಗೆ, ಸಾವಿನ ಮನೆಯವರಿಗೆ, ಎಲ್ಲರಿಗೂ ಅದೇ ಮಾತು. ತಪ್ಪು ತಮ್ಮದಲ್ಲದಿದ್ದರೂ ಹೇಳುತ್ತಾರೆ. ನಿಮ್ಮ ನೋವು ನನಗೆ ತಿಳಿಯಿತು ಎಂಬುದಷ್ಟೇ ಅದರ ಅರ್ಥ. ಹೋದ ಹೊಸದರಲ್ಲಿ ನಾನು ಅತ್ತೆಯವರೊಡನೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಮಗ ಮೆಟ್ಟಿಲಿನಿಂದ ಬಿದ್ದ, ನೆರೆಯವರು ‘ಪೋಲೆ, ಪೋಲೆ’ ಎನ್ನುತ್ತ ಓಡಿ ಬಂದರು. ‘ಬಿದ್ದ ಮಗೂನ ಯಾಕಮ್ಮ ಪೋಲಿ ಅಂತ ಬೈತಾರೆ?’ ಎಂದು ಅತ್ತೆಯವರು ಆ ಕಡೆಯಿಂದ ರೇಗಿದರು. ಅರ್ಥ ತಿಳಿಸಿದ ಮೇಲೆ ಅವರಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ, ಕರೆ ಮಾಡಿದಾಗಲೆಲ್ಲ ನಮ್ಮ ಕೆಮ್ಮು ನೆಗಡಿಗಳಿಗೂ ‘ಪೋಲೆ’ ಎನ್ನತೊಡಗಿದರು.

ಮೂರನೆಯ ವರ್ಷದ ಏಪ್ರಿಲ್ ತಿಂಗಳಿನಲ್ಲಿ, ಅಲ್ಲಿ ದೊಡ್ಡ ಮಳೆ ಹಿಡಿದಿದ್ದಾಗ, ಅತ್ತೆಯವರು ಬಚ್ಚಲಿನಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡರು. ಸ್ವಯಂಸೇವಕರಿಗೆ ಕೊಡುವ ಜೀವನಭತ್ಯೆಯಲ್ಲಿ ನಾಲ್ಕು ವಿಮಾನದ ಟಿಕೆಟ್ ಕೊಳ್ಳುವುದು ಸಾಧ್ಯವಿರಲಿಲ್ಲವಾದ್ದರಿಂದ ಪತಿ ಒಬ್ಬರೇ ಹೊರಟರು. ಅವರು ತಲುಪುವ ಹೊತ್ತಿಗೆ ಶಸ್ತ್ರಚಿಕಿತ್ಸೆ ಮುಗಿದಿತ್ತು. ಒಪ್ಪಿಗೆ ಪತ್ರಕ್ಕೆ ಅತ್ತೆಯವರ ತಮ್ಮನ ಮಗ ಸಹಿ ಹಾಕಿದ್ದ. ಇತ್ತ ನನ್ನ ಮನೆಗೆ ಸಂಜೆಯಾದರೆ ನೆರೆಯವರು ಒಬ್ಬೊಬ್ಬರಾಗಿ ಬಂದು, ಪೋಲೆ ಎಂದು, ಬಾಳೆಕಾಯಿಯ ಚಿಪ್ಪನ್ನೋ ಬೆಲ್ಲದ ಚಹಾವನ್ನೋ ಇಟ್ಟು ಸುಮ್ಮನೆ ಕೂತು ಹೋಗುತ್ತಿದ್ದರು. ರಾಗಿ ನೋಡಿ ಮದುವೆ ಯಾರದೆಂದು ಕೇಳಿದ್ದ ಆ ಅಜ್ಜಿ, ಊರಿನಲ್ಲಿ ನಿನ್ನ ಅತ್ತೆಗೆ ಈಗ ಅಡುಗೆ ಮಾಡಿ ಬಡಿಸುವವರು ಯಾರು ಎಂದು ಕೇಳಿದರು. ನೀವು ಕೇಳಿದ್ದೂ ಅದನ್ನೇ. ಆಗಲೂ ನಾನು ಮನೆಗೆಲಸದಾಕೆ ಎಂದೇ ಹೇಳಿದೆ. ಅಜ್ಜಿ ತಲೆಯಾಡಿಸಿದರೇ ಹೊರತು ಏನೂ ಅನ್ನಲಿಲ್ಲ.

ಮಗನನ್ನು ಕಂಡಾಗ ಅತ್ತೆಯವರು ದೂರಲಿಲ್ಲವಂತೆ. ‘ಇಲ್ಲಿ ನಂಗೆ ಪೋಲೆ ಅನ್ನೋರು ಯಾರೂ ಇರ್ಲಿಲ್ಲ ಕಣೋ’ ಎಂದಷ್ಟೇ ಹೇಳಿದರಂತೆ. ಅವಧಿಯನ್ನು ಇನ್ನೊಂದು ವರ್ಷ ವಿಸ್ತರಿಸುವ ಪತ್ರ ಆಗಲೇ ನಮ್ಮ ಮೇಜಿನ ಮೇಲಿತ್ತು. ಪತಿ ಹಿಂತಿರುಗಿ ಬಂದ ಮೇಲೂ ನಾವು ಅದಕ್ಕೆ ಸಹಿ ಹಾಕಲಿಲ್ಲ.