ಗಾಜು ಮಂಜಾಗಿದೆಯಾ? ಮೊದಲು ಒಳಗಡೆ ಒರೆಸಿ ನೋಡಿ

ಥಾಣೆಯಲ್ಲಿ ಹತ್ತು ವರ್ಷ ಬಯಲಲ್ಲೇ ನಿಂತ ಕಾರು, ರಾತ್ರಿ ಎದುರು ಗಾಡಿಯ ಲೈಟ್ ಬಿದ್ದರೆ ಮುಂದಿನ ಗಾಜು ಪೂರ್ತಿ ಬೆಳ್ಳಗಾಗುತ್ತದೆ, ಹೊಸದೇ ಹಾಕಿಸಬೇಕಾ ಅಂತ ಕೇಳಿದ್ದೀರಿ. ಅವಸರ ಬೇಡ ಸಾರ್.

ಎಷ್ಟೋ ಸಲ ಮಂಜು ಒಳಗಡೆ ಇರುತ್ತದೆ. ಬಿಸಿಲಿಗೆ ಡ್ಯಾಶ್‌ಬೋರ್ಡ್ ಪ್ಲಾಸ್ಟಿಕ್ ಬಿಡುವ ಆವಿ ಗಾಜಿಗೆ ಜಿಡ್ಡಾಗಿ ಕೂರುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ (ಜಿಡ್ಡು ತೆಗೆಯುವ, ಬೇಗ ಆರುವ ದ್ರವ) ಅಷ್ಟೇ ನೀರು ಬೆರೆಸಿ, ಮೈಕ್ರೋಫೈಬರ್ ಬಟ್ಟೆಗೆ ಹಾಕಿಕೊಂಡು ಒರೆಸಿ. ನನ್ನ ಕಾರಿನಲ್ಲಿ ಬಟ್ಟೆ ಚಹಾ ಸೋಸಿದ ಹಾಗೆ ಕಂದಾಗಿತ್ತು!

ಹೊರಗಡೆ ಟ್ಯಾಂಕರ್ ನೀರಿನ ಬಿಳಿ ಕಲೆ ಇದ್ದರೆ ವಿನೆಗರ್ ಸಾಕು, ಪೇಂಟ್ ಮೇಲೆ ಬೀಳದಂತೆ ನೋಡಿಕೊಳ್ಳಿ, ಆಮೇಲೆ ನೀರಲ್ಲಿ ತೊಳೆಯಿರಿ. ಟೂತ್‌ಪೇಸ್ಟ್ ಉಜ್ಜುವುದು ಸುಮ್ನೆ ಕೈ ನೋವು.

ಇಷ್ಟಕ್ಕೂ ಮಂಜು ಹೋಗದಿದ್ದರೆ ಗಾಜು ಪಾಲಿಶ್ ಮಾಡುವ ಸೀರಿಯಂ ಆಕ್ಸೈಡ್ ಪುಡಿ ತನ್ನಿ. ನೀರಲ್ಲಿ ನೀರ್‌ದೋಸೆ ಹಿಟ್ಟಿನಷ್ಟು ತೆಳ್ಳಗೆ ಕಲಸಿ, ಡ್ರಿಲ್‌ಗೆ ಫೆಲ್ಟ್ ಪ್ಯಾಡ್ (ಒತ್ತಿದ ಉಣ್ಣೆಯ ದುಂಡು ಬಿಲ್ಲೆ) ಹಾಕಿ, ನೆರಳಲ್ಲಿ, ಕಡಿಮೆ ಸ್ಪೀಡಲ್ಲಿ ಉಜ್ಜಿ, ಆಗಾಗ ನೀರು ಚಿಮುಕಿಸುತ್ತಾ ಇರಿ, ಒಂದೇ ಕಡೆ ನಿಂತರೆ ಗಾಜು ಕಾದು ಬಿರುಕು ಬಿಡುತ್ತದೆ. ನಾನು ಒಂದು ಭಾನುವಾರ ಪೂರ್ತಿ ಕಳೆದೆ, ಡ್ರೈವರ್ ಕಡೆ ಮಾತ್ರ ಮುಗಿಯಿತು.

ಉಗುರು ಎಳೆದಾಗ ಸಿಕ್ಕಿಕೊಳ್ಳುವ ಗೀರು ಬಿಟ್ಟುಬಿಡಿ. ಅದನ್ನು ಉಜ್ಜಿ ತೆಗೆಯಹೋದರೆ ಗಾಜು ತಗ್ಗಾಗಿ ರಸ್ತೆ ಅಲೆಅಲೆಯಾಗಿ ಕಾಣುತ್ತದೆ. ಹೈವೇ ಕಲ್ಲುಪುಡಿ ಹೊಡೆದ ಸಣ್ಣ ಚುಕ್ಕೆಗಳೇ ಜಾಸ್ತಿ ಇದ್ದರೆ ಹೊಸ ಗಾಜೇ ಹಾಕಿಸಿ. ಸವೆದ ವೈಪರ್ ರಬ್ಬರ್ ಕೂಡ ಗಾಜು ಗೀರುತ್ತದೆ, ನಿಮ್ಮದು ಯಾವಾಗ ಬದಲಿಸಿದ್ದಿರಿ?