ಮೊದಲ ಪುಟ ಬಿಡಿ, ನಲವತ್ತನೇ ಪುಟ ತೆಗೆಯಿರಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಒಂದೇ ವಿಷಯದ ಸುತ್ತ ಇದ್ದವು. ಲೇಖಕರು ತಾವೇ ಪ್ರಕಾಶಕರಾಗಿ ತಂದ ಪುಸ್ತಕಗಳು, ನಾವು ಹೆಸರೇ ಕೇಳಿರದ ಲೇಖಕರು. ಹಾಗಾಗಿ ಉಳಿದ ಪತ್ರಗಳನ್ನು ಮುಂದಿನ ಸಲಕ್ಕೆ ಎತ್ತಿಟ್ಟಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಹೊಸ ಲೇಖಕರು ಸ್ವಂತ ಖರ್ಚಿನಲ್ಲಿ ತಂದ ಪುಸ್ತಕಗಳನ್ನು ಓದಬೇಕು ಅಂತ ಆಸೆ. ಆದರೆ ಎರಡು ಸಲ ಕೈ ಸುಟ್ಟುಕೊಂಡೆ. ಮುಖಪುಟ ಎಷ್ಟು ಚೆನ್ನಾಗಿತ್ತು ಅಂದರೆ, ಒಳಗೆ ಏನೂ ಇಲ್ಲ ಅಂತ ಗೊತ್ತಾದಾಗ ಸಿಟ್ಟೇ ಬಂತು. ಕೊಳ್ಳುವ ಮುಂಚೆ ತಿಳಿಯುವುದು ಹೇಗೆ?

ಉತ್ತರ: ಮುಖಪುಟ ನೋಡಿ ಕೊಂಡಿರಿ, ಅಲ್ವಾ? ನಾನೂ ಎಷ್ಟೋ ಸಲ ಹಾಗೇ ಮಾಡಿದ್ದೇನೆ. ಈಗ ಯಾರು ಬೇಕಾದರೂ ಒಂದು ಮಧ್ಯಾಹ್ನ ಕೂತು ಚೆಂದದ ಮುಖಪುಟ ಮಾಡಿಬಿಡಬಹುದು. ಬೆನ್ನುಡಿಯನ್ನೂ ನಂಬಬೇಡಿ, ಅದನ್ನು ಬರೆದವರು ಬಹಳ ಸಲ ಲೇಖಕರ ಸ್ನೇಹಿತರೇ. ಮೊದಲ ಪುಟವನ್ನೂ ನಂಬಬೇಡಿ. ಮೊದಲ ಪುಟವನ್ನು ಎಲ್ಲರೂ ಇಪ್ಪತ್ತು ಸಲ ತಿದ್ದಿರುತ್ತಾರೆ. ನಲವತ್ತನೇ ಪುಟವನ್ನು ಅಷ್ಟು ಸಲ ತಿದ್ದುವ ತಾಳ್ಮೆ ಕಮ್ಮಿ ಜನಕ್ಕೆ ಇರುತ್ತದೆ. ಅದಕ್ಕೇ ಅದನ್ನು ತೆಗೆದು ಓದಿ.

ಅಲ್ಲಿ ಇಬ್ಬರು ಮಾತಾಡುತ್ತಿದ್ದರೆ, ಹೆಸರು ಮುಚ್ಚಿದರೂ ಯಾರ ಮಾತು ಯಾವುದು ಅಂತ ಗೊತ್ತಾಗುತ್ತದಾ? ಒಂದೇ ಸಂಗತಿಯನ್ನು ಮೂರು ಸಲ ಹೇಳಿದ್ದಾರಾ? ನೀವು ಸುಮ್ನೆ ಕೂತು ಊಹಿಸಲಾಗದ ಒಂದೇ ಒಂದು ವಿವರ ಆ ಪುಟದಲ್ಲಿ ಇದೆಯಾ? ಮೂರನೆಯದಕ್ಕೆ ಹೌದು ಅಂತ ಬಂದರೆ ಮಿಕ್ಕಿದ್ದಕ್ಕೆ ನಾನು ಸ್ವಲ್ಪ ರಿಯಾಯಿತಿ ಕೊಡುತ್ತೇನೆ. ಇ-ಬುಕ್ ಆದರೆ ಶುರುವಿನ ಒಂದು ಭಾಗ ಮಾತ್ರ ಪುಕ್ಕಟೆ ಸಿಗುತ್ತದೆ. ಆಗ ಆ ಭಾಗದ ಕೊನೆಗೆ ಹೋಗಿ, ಅಲ್ಲಿಂದ ಹಿಂದಕ್ಕೆ ಓದುತ್ತಾ ಬನ್ನಿ.

ಯಾಕೆ ಇಷ್ಟೆಲ್ಲ ಕಷ್ಟ ಅಂತೀರಾ? ಪ್ರಕಾಶಕರ ಮೂಲಕ ಬರುವ ಪುಸ್ತಕವನ್ನು ನಿಮಗಿಂತ ಮುಂಚೆ ಒಂದಿಬ್ಬರಾದರೂ ಓದಿ, ಈ ಅಧ್ಯಾಯ ಬೇಡ, ಈ ಪಾತ್ರ ಯಾಕೆ ಬಂತು, ಅಂತ ಜಗಳ ಮಾಡಿರುತ್ತಾರೆ ಅಂತ ಇಟ್ಟುಕೊಳ್ಳೋಣ. ಸ್ವಂತ ಪ್ರಕಾಶನದಲ್ಲಿ ಎಷ್ಟೋ ಸಲ ಆ ಜಗಳ ಆಗಿರುವುದೇ ಇಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ಬೇಡ ಅನ್ನುವ ಕೆಲಸ ಕೊನೆಗೆ ಓದುಗರ ತಲೆಗೆ ಬರುತ್ತದೆ. ನನಗಂತೂ ಆ ಕೆಲಸ ಇಷ್ಟ.

ಅಚ್ಚಿನ ತಪ್ಪುಗಳ ಬಗ್ಗೆ ಒಂದು ಮಾತು. ತಪ್ಪು ಕಂಡ ಕೂಡಲೇ ಪುಸ್ತಕ ಮುಚ್ಚಬೇಡಿ. ಹಳೆ ಫಾಂಟಿನಿಂದ ಯುನಿಕೋಡ್‌ಗೆ ತಿರುಗಿಸುವಾಗ ಒತ್ತಕ್ಷರ ಜಾಗ ಬಿಟ್ಟು ಓಡಿಹೋಗುತ್ತದೆ, ಅದು ಲೇಖಕರ ತಪ್ಪಲ್ಲ. ನನ್ನ ಹತ್ತಿರ ಗಡಿಯಾರ ರಿಪೇರಿ ಮಾಡುತ್ತಿದ್ದವರೊಬ್ಬರು ಬರೆದ ನೆನಪಿನ ಪುಸ್ತಕ ಇದೆ. ಅದರ 47ನೇ ಪುಟದಲ್ಲಿ ‘ನಿಮಿಷದ ಮುಳ್ಳು’ ಅನ್ನುವುದು ‘ನಿಮಿಷದ ಮಳ್ಳು’ ಅಂತ ಅಚ್ಚಾಗಿತ್ತು. ಅವರು ನೀಲಿ ಪೆನ್ನು ಹಿಡಿದು ಪ್ರತಿಯೊಂದು ಪ್ರತಿಯಲ್ಲೂ ಮಕಾರಕ್ಕೆ ಕೊಂಬು ಹಾಕಿದ್ದಾರೆ. ಕೊಂಬು ಒಂಚೂರು ಅಲುಗಾಡಿಲ್ಲ, ರಿಪೇರಿಯವರ ಕೈ ನೋಡಿ. ಅದೇ ಪುಸ್ತಕದಲ್ಲಿ, ನೀರಿಗೆ ಬೀಳಿಸಿಲ್ಲ ಅಂತ ಆಣೆ ಮಾಡುವ ಗಿರಾಕಿಯ ಮುಂದೆಯೇ ಹಿಂದಿನ ಮುಚ್ಚಳ ಬಿಚ್ಚಿ, ತುಕ್ಕು ಹಿಡಿದ ಒಳಭಾಗ ಕಂಡರೂ ಏನೂ ಹೇಳದೆ ಮುಚ್ಚಿ ‘ನಾಳಿದ್ದು ಬನ್ನಿ’ ಅನ್ನುವ ಒಂದು ಅಧ್ಯಾಯ ಇದೆ. ಇಂಥದ್ದಕ್ಕೆ ನೂರು ಅಚ್ಚಿನ ತಪ್ಪು ಮಾಫಿ.

ಪ್ರಶ್ನೆ: ನಿಜವಾಗಿಯೂ ಚೆನ್ನಾಗಿದ್ದರೆ ಯಾರಾದರೂ ಪ್ರಕಾಶಕರು ತೆಗೆದುಕೊಳ್ಳುತ್ತಿರಲಿಲ್ಲವೇ? ಬೇರೆ ದಾರಿ ಇಲ್ಲದವರು ತಾನೇ ಸ್ವಂತ ಖರ್ಚಲ್ಲಿ ತರುವುದು?

ಉತ್ತರ: ಇಂಗ್ಲಿಷ್ ಮಕ್ಕಳ ಕಥೆಗಾರ್ತಿ ಬೀಟ್ರಿಕ್ಸ್ ಪಾಟರ್ ಅವರ ಪೀಟರ್ ಮೊಲದ ಕಥೆಯನ್ನು ಪ್ರಕಾಶಕರು ಒಬ್ಬರಾದ ಮೇಲೊಬ್ಬರು ವಾಪಸ್ ಕಳಿಸಿದರು. ಮಕ್ಕಳ ಕೈಯಲ್ಲಿ ಹಿಡಿಯುವಷ್ಟು ಪುಟ್ಟ ಪುಸ್ತಕ ಬೇಕು ಅಂತ ಪಾಟರ್ ಅವರ ಹಟ. 1901ರ ಡಿಸೆಂಬರ್‌ನಲ್ಲಿ ತಾವೇ 250 ಪ್ರತಿ ಅಚ್ಚು ಹಾಕಿಸಿದರು. ಮೊದಲು ಬೇಡ ಅಂದಿದ್ದ ಪ್ರಕಾಶಕರಲ್ಲೇ ಒಬ್ಬರು ಮುಂದಿನ ವರ್ಷ ಅದನ್ನು ಬಣ್ಣದ ಚಿತ್ರಗಳ ಜೊತೆ ತಂದರು. ಫ್ರೆಂಚ್ ಲೇಖಕ ಮಾರ್ಸೆಲ್ ಪ್ರೂಸ್ಟ್ ತಮ್ಮ ದೊಡ್ಡ ಕಾದಂಬರಿಯ ಮೊದಲ ಸಂಪುಟವನ್ನು 1913ರಲ್ಲಿ ಸ್ವಂತ ದುಡ್ಡು ಕೊಟ್ಟೇ ಹೊರತಂದಿದ್ದು. ಅದನ್ನು ಬೇಡ ಅಂದವರಲ್ಲಿ ಇನ್ನೊಬ್ಬ ಹೆಸರಾಂತ ಫ್ರೆಂಚ್ ಲೇಖಕ ಆಂದ್ರೆ ಜೀದ್ ಕೂಡ ಇದ್ದರು, ಆಮೇಲೆ ಪತ್ರ ಬರೆದು ತಪ್ಪಾಯಿತು ಅಂತ ಒಪ್ಪಿಕೊಂಡರು.

ಆದರೆ ಈ ಕಥೆಗಳನ್ನು ಸ್ವಂತ ಪ್ರಕಾಶನದವರು ತುಂಬಾ ಜಾಸ್ತಿ ಹೇಳುತ್ತಾರೆ, ಅದೂ ನನಗೆ ಕಿರಿಕಿರಿ. ಪ್ರೂಸ್ಟ್‌ಗೂ ಬೇಡ ಅಂದಿದ್ದರು, ನನಗೂ ಬೇಡ ಅಂದರು, ಹಾಗಾಗಿ ನಾನೂ ಪ್ರೂಸ್ಟ್ ಅನ್ನುವುದು ಯಾವ ಲೆಕ್ಕ? ನಿಮ್ಮ ಪ್ರಶ್ನೆಗೆ ನೇರ ಉತ್ತರ ಇಷ್ಟು: ಪ್ರಕಾಶಕರು ಬೇಡ ಅಂದರೆ ಬಹಳ ಸಲ ಅದರ ಅರ್ಥ ‘ಚೆನ್ನಾಗಿಲ್ಲ’ ಅಂತ ಅಲ್ಲ, ‘ಸಾಕಷ್ಟು ಪ್ರತಿ ಹೋಗಲ್ಲ’ ಅಂತ. ಎರಡೂ ಬೇರೆ ಬೇರೆ. ಇನ್ನೂರು ಜನಕ್ಕೆ ಮಾತ್ರ ಬೇಕಾದ, ಆದರೆ ಆ ಇನ್ನೂರು ಜನಕ್ಕೆ ಬೇಕೇ ಬೇಕಾದ ಪುಸ್ತಕ ಇರುತ್ತದೆ. ಆರ್ಡರ್ ಬಂದಾಗ ಒಂದೊಂದೇ ಪ್ರತಿ ಅಚ್ಚು ಹಾಕುವ ಪ್ರಿಂಟ್ ಆನ್ ಡಿಮಾಂಡ್ ಬಂದ ಮೇಲೆ ಅಂಥ ಪುಸ್ತಕ ತರುವುದು ಸುಲಭವಾಯಿತು, ಮಂಚದ ಕೆಳಗೆ ಸಾವಿರ ಪ್ರತಿ ಕೂಡಿಟ್ಟುಕೊಂಡು ಒದ್ದಾಡಬೇಕಿಲ್ಲ.

ಪ್ರಶ್ನೆ: ಯಾವ ಪ್ರಕಾರದಲ್ಲಿ ಹುಡುಕಿದರೆ ಒಳ್ಳೆಯದು ಸಿಗುತ್ತದೆ? ಕಾದಂಬರಿ, ಕವಿತೆ, ವಿಜ್ಞಾನ, ಪ್ರವಾಸ, ಎಲ್ಲಾ ರಾಶಿ ರಾಶಿ ಬರುತ್ತಿವೆ.

ಉತ್ತರ: ಮೊದಲು ಕಸುಬಿನ ನೆನಪುಗಳು. ಲೈನ್‌ಮನ್, ನರ್ಸ್, ಲಾರಿ ಡ್ರೈವರ್, ಹಡಗಿನ ಅಡಿಗೆಯವರು. ಇಂಥವರಿಗೆ ಬರೆಯಲು ಬರುವುದಿಲ್ಲ ಅಂತ ಅವರೇ ಮುನ್ನುಡಿಯಲ್ಲಿ ಹೇಳಿಕೊಂಡಿರುತ್ತಾರೆ, ಆಮೇಲೆ ನೂರು ಪುಟ ನಿಮ್ಮನ್ನು ಏಳಲು ಬಿಡುವುದಿಲ್ಲ. ಬಾಲ್ಯದ ಅಧ್ಯಾಯ ಹಾರಿಸಿ, ಕೆಲಸಕ್ಕೆ ಸೇರಿದ ದಿನದಿಂದ ಶುರು ಮಾಡಿ.

ಎರಡನೆಯದು, ತೀರಾ ಸಣ್ಣ ವಿಷಯದ ಪುಸ್ತಕಗಳು. ಒಂದೇ ಜಾತಿಯ ಜೇಡ, ನಿಂತುಹೋದ ಒಂದು ರೈಲು ಮಾರ್ಗ, ಒಂದು ಮನೆತನ. ಬರೆದವರು ಇಪ್ಪತ್ತು ವರ್ಷ ಅದರ ಹಿಂದೆಯೇ ಅಲೆದಿರುತ್ತಾರೆ. ಆದರೆ ಇತಿಹಾಸ ಅಂತ ಹೇಳಿಕೊಂಡರೆ ಕೊನೆಯ ಪುಟಗಳನ್ನು ನೋಡಿ, ಎಲ್ಲಿಂದ ತಿಳಿಯಿತು ಅಂತ ಹೇಳಿದ್ದಾರಾ ಅಂತ. ‘ಹಿರಿಯರು ಹೇಳುತ್ತಾರೆ’ ಅಂತಷ್ಟೇ ಇದ್ದರೆ ಅದನ್ನು ಕಥೆ ಅಂತ ಓದಿ, ಅದೂ ಖುಷಿಯೇ.

ವೈಜ್ಞಾನಿಕ ಕಾದಂಬರಿಗಳಲ್ಲಿ ಒಂದು ಮಜಾ ಇದೆ. ಆಂಡಿ ವಿಯರ್ ತಮ್ಮ ‘ದ ಮಾರ್ಷಿಯನ್’ ಕಾದಂಬರಿಯನ್ನು ಮೊದಲು ಅಧ್ಯಾಯ ಅಧ್ಯಾಯವಾಗಿ ತಮ್ಮದೇ ಜಾಲತಾಣದಲ್ಲಿ ಹಾಕುತ್ತಿದ್ದರು. ವಿಜ್ಞಾನ ಬಲ್ಲ ಓದುಗರು ಇಲ್ಲಿ ಲೆಕ್ಕ ತಪ್ಪಿದೆ ಅಂತ ಬರೆಯುತ್ತಿದ್ದರು, ವಿಯರ್ ತಿದ್ದುತ್ತಿದ್ದರು. 2011ರಲ್ಲಿ ತಾವೇ ಇ-ಬುಕ್ ಮಾಡಿದರು, 2014ರಲ್ಲಿ ದೊಡ್ಡ ಪ್ರಕಾಶಕರು ಅಚ್ಚು ಹಾಕಿದರು. ನಾನು ಮೇಲೆ ಹೇಳಿದ ಆ ಜಗಳವನ್ನು ಇಲ್ಲಿ ಓದುಗರೇ ಮಾಡಿದ್ದಾರೆ, ನೋಡಿ. ಹಾಗಾಗಿ ಕಂತುಗಳಲ್ಲಿ ಬಂದು, ಬೈಸಿಕೊಂಡು, ಆಮೇಲೆ ಪುಸ್ತಕವಾದದ್ದು ಸಿಕ್ಕರೆ ಬಿಡಬೇಡಿ. ಪ್ರೇಮಕಥೆ, ದೆವ್ವದ ಕಥೆಗಳಲ್ಲೂ ಹೀಗೇ, ಅಲ್ಲಿನ ಓದುಗರು ವಾರಕ್ಕೆ ಎರಡು ಮೂರು ಓದಿ ಮುಗಿಸುವವರು, ಬೇಜಾರಾದರೆ ಮುಖಕ್ಕೇ ಹೇಳುತ್ತಾರೆ.

ಕವಿತೆಗೆ ಸೂತ್ರ ಇಲ್ಲ. ನಿಂತಲ್ಲೇ ಮೂರು ಓದಿ, ಒಂದಾದರೂ ಇನ್ನೊಮ್ಮೆ ಓದಬೇಕು ಅನ್ನಿಸಿದರೆ ತಗೊಳ್ಳಿ.

ಆರೋಗ್ಯ, ಔಷಧಿ, ಇಂಥದ್ದು ತಿನ್ನಬಹುದು ಇಂಥದ್ದು ತಿನ್ನಬಾರದು ಅನ್ನುವ ಪುಸ್ತಕಗಳ ಬಗ್ಗೆ ಮಾತ್ರ ನಾನು ಧಾರಾಳಿ ಅಲ್ಲ. ಬರೆದವರು ಯಾರು, ಏನು ಓದಿದ್ದಾರೆ, ಎಲ್ಲಿ ಕೆಲಸ ಮಾಡಿದ್ದಾರೆ ಅನ್ನುವುದು ಹೊರಗಿನಿಂದಲೂ ಖಾತ್ರಿಯಾಗಬೇಕು. 2023ರಲ್ಲಿ ಕಾಡಿನ ಅಣಬೆ ಗುರುತಿಸುವ ಪುಸ್ತಕಗಳು ಆನ್‌ಲೈನ್‌ನಲ್ಲಿ ಸಾಲುಗಟ್ಟಿ ಬಂದವು, ಅವುಗಳಲ್ಲಿ ಕೆಲವನ್ನು ಕಂಪ್ಯೂಟರೇ ಬರೆದ ಹಾಗಿದೆ, ನಂಬಿ ತಿಂದರೆ ಜೀವಕ್ಕೇ ಅಪಾಯ ಅಂತ ಅಣಬೆ ತಜ್ಞರು ಎಚ್ಚರಿಸಬೇಕಾಯಿತು. ಅದೇ ವರ್ಷ ಅಮೆಜಾನ್ ತನ್ನ ಸ್ವಂತ ಪ್ರಕಾಶನ ವಿಭಾಗದಲ್ಲಿ ಒಬ್ಬರು ದಿನಕ್ಕೆ ಮೂರಕ್ಕಿಂತ ಜಾಸ್ತಿ ಹೊಸ ಪುಸ್ತಕ ಹಾಕಬಾರದು ಅಂತ ಮಿತಿ ಹಾಕಿತು. ದಿನಕ್ಕೆ ಮೂರು! ಮಿತಿಯೇ ಅಷ್ಟು ಅಂದರೆ ಅದಕ್ಕೆ ಮುಂಚೆ ಏನು ನಡೆಯುತ್ತಿತ್ತೋ ನೀವೇ ಯೋಚಿಸಿ. ಹಾಗಾಗಿ ಲೇಖಕರ ಹೆಸರಲ್ಲಿ ಬೇರೆ ಏನೇನು ಪುಸ್ತಕ ಇದೆ ಅಂತ ಒಮ್ಮೆ ಕಣ್ಣಾಡಿಸಿ. ಒಂದೇ ತಿಂಗಳಲ್ಲಿ ಯೋಗ, ನಾಯಿ ಸಾಕಣೆ, ಷೇರು ಮಾರುಕಟ್ಟೆ ಮೂರರ ಮೇಲೂ ಬರೆದಿದ್ದರೆ ದೂರ ಇರಿ.

ಪ್ರಶ್ನೆ: ಒಂದು ಪುಸ್ತಕಕ್ಕೆ ಮೂವತ್ತು ವಿಮರ್ಶೆ, ಎಲ್ಲವೂ ಐದು ಸ್ಟಾರ್. ನಂಬಬಹುದಾ?

ಉತ್ತರ: ಅಮೆರಿಕದ ಕವಿ ವಾಲ್ಟ್ ವಿಟ್ಮನ್ 1855ರಲ್ಲಿ ತಮ್ಮ ‘ಲೀವ್ಸ್ ಆಫ್ ಗ್ರಾಸ್’ ಕವನ ಸಂಕಲನವನ್ನು ತಾವೇ ಹೊರತಂದರು, ಕೆಲವು ಪುಟಗಳಿಗೆ ಅಚ್ಚುಮೊಳೆ ಜೋಡಿಸಿದ್ದೂ ಅವರೇ. ಆಮೇಲೆ ಹೆಸರು ಹಾಕದೆ ಪತ್ರಿಕೆಗಳಲ್ಲಿ ಆ ಪುಸ್ತಕಕ್ಕೆ ವಿಮರ್ಶೆ ಬರೆದರು. ಹೊಗಳಿದ್ದರು ಅಂತ ಬೇರೆ ಹೇಳಬೇಕಾಗಿಲ್ಲ. ಅಂದರೆ ಇದು ಹೊಸ ರೋಗ ಅಲ್ಲ, ಮತ್ತು ರೋಗ ಇದ್ದ ಪುಸ್ತಕವೆಲ್ಲ ಕೆಟ್ಟದ್ದೂ ಅಲ್ಲ. ನಾನು ಮೂರು ಸ್ಟಾರ್ ಕೊಟ್ಟವರನ್ನು ಹುಡುಕುತ್ತೇನೆ. ಅವರು ಸಾಮಾನ್ಯವಾಗಿ ಪೂರ್ತಿ ಓದಿರುತ್ತಾರೆ, ಮಧ್ಯದಲ್ಲಿ ಎಳೆದಿದ್ದಾರೆ, ಕೊನೆ ಚೆನ್ನಾಗಿದೆ ಅಂತ ಜಾಗ ತೋರಿಸಿ ಹೇಳುತ್ತಾರೆ. ‘ಅದ್ಭುತ, ಎಲ್ಲರೂ ಓದಲೇಬೇಕು’ ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ.

ಪ್ರಶ್ನೆ: ನನ್ನ ಆಪ್ತ ಸ್ನೇಹಿತ ಕಾದಂಬರಿ ಬರೆದು ತಾನೇ ಪ್ರಕಟಿಸಿದ್ದಾನೆ. ಮೂವತ್ತು ಪುಟ ದಾಟಲು ಆಗುತ್ತಿಲ್ಲ. ಸಿಕ್ಕಾಗಲೆಲ್ಲ ‘ಓದಿದೆಯಾ?’ ಅಂತ ಕೇಳುತ್ತಾನೆ. ಏನು ಹೇಳಲಿ?

ಉತ್ತರ: ಸುಳ್ಳು ಮಾತ್ರ ಹೇಳಬೇಡಿ, ಎರಡನೇ ಭಾಗ ಬರೆದುಬಿಡುತ್ತಾನೆ. ‘ಮೂವತ್ತನೇ ಪುಟದಲ್ಲಿ ನಿಂತಿದ್ದೇನೆ ಕಣೋ, ಅಲ್ಲಿ ಯಾರು ಯಾರಿಗೆ ಏನಾಗಬೇಕು ಅಂತ ಗೊತ್ತಾಗಲಿಲ್ಲ’ ಅಂತ ಹೇಳಿ. ನಿಂತ ಜಾಗ ಹೇಳಿದರೆ ಬರೆಯುವವರಿಗೆ ಕೆಲಸಕ್ಕೆ ಬರುತ್ತದೆ. ಅವನು ಮುನಿಸಿಕೊಳ್ಳಬಹುದು. ಒಂದು ವಾರ ಬಿಡಿ.

ಪ್ರಶ್ನೆ: ನನ್ನ ಕಥಾಸಂಕಲನ ಸಿದ್ಧವಿದೆ. ಒಬ್ಬರು ಹಸ್ತಪ್ರತಿ ಅಮೋಘವಾಗಿದೆ, ದುಡ್ಡು ಕೊಟ್ಟರೆ ಎಲ್ಲಾ ನಾವೇ ಮಾಡಿಕೊಡುತ್ತೇವೆ, ಐಎಸ್‌ಬಿಎನ್ ಕೂಡ ಕೊಡುತ್ತೇವೆ ಅನ್ನುತ್ತಿದ್ದಾರೆ. ಇದೂ ಸ್ವಂತ ಪ್ರಕಾಶನವೇ?

ಉತ್ತರ: ಅಲ್ಲ. ಸ್ವಂತ ಪ್ರಕಾಶನದಲ್ಲಿ ಖರ್ಚು ನಿಮ್ಮದು, ಹಕ್ಕೂ ನಿಮ್ಮದು, ತೀರ್ಮಾನವೂ ನಿಮ್ಮದು. ಇಲ್ಲಿ ಖರ್ಚು ಮಾತ್ರ ನಿಮ್ಮದಾಗುವ ಅಪಾಯ ಇದೆ. ಓದುಗರಿಂದ ಅಲ್ಲದೆ ಲೇಖಕರಿಂದಲೇ ಲಾಭ ಮಾಡಿಕೊಳ್ಳುವವರಿಗೆ ಯಾವ ಹಸ್ತಪ್ರತಿಯೂ ಅಮೋಘವೇ. ನನಗೂ ಒಮ್ಮೆ ಅಂಥ ಪತ್ರ ಬಂದಿತ್ತು, ನಾನು ಓದಲು ಕಳಿಸಿದ್ದ ಫೈಲಿನಲ್ಲಿ ಅರ್ಧ ಪುಟಗಳು ಖಾಲಿ ಇದ್ದದ್ದು ಆಮೇಲೆ ಗೊತ್ತಾಯಿತು. ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವುದು), ಕರಡು ತಿದ್ದುವುದು, ಮುಖಪುಟ, ಮುದ್ರಣ, ಬಿಡಿ ಬಿಡಿಯಾಗಿ ಎಷ್ಟಾಗುತ್ತದೆ ಅಂತ ನೀವೇ ವಿಚಾರಿಸಿ. ಒಪ್ಪಂದದಲ್ಲಿ ಹಕ್ಕು ಯಾರ ಹೆಸರಲ್ಲಿ, ಎಷ್ಟು ವರ್ಷ, ಬಿಡಿಸಿಕೊಳ್ಳುವುದು ಹೇಗೆ ಅನ್ನುವುದನ್ನು ಎರಡು ಸಲ ಓದಿ.

ಇನ್ನು ಐಎಸ್‌ಬಿಎನ್. ಅದು ಗುಣಮಟ್ಟದ ಮುದ್ರೆ ಅಲ್ಲ, ಬರೀ ಗುರುತಿನ ಸಂಖ್ಯೆ. 2007ರಿಂದ 13 ಅಂಕಿ, ಅದಕ್ಕೆ ಮುಂಚೆ 10 ಇತ್ತು. ಕೃತಿಯ ಹಕ್ಕಿಗೂ ಅದಕ್ಕೂ ಸಂಬಂಧ ಇಲ್ಲ. ಅದು ಯಾರ ಹೆಸರಲ್ಲಿ ನೋಂದಣಿ ಆಗಿದೆಯೋ ಅವರೇ ಪ್ರಕಾಶಕರು ಅಂತ ದಾಖಲೆಯಲ್ಲಿ ಉಳಿಯುತ್ತದೆ, ಅಷ್ಟು ನೆನಪಿಟ್ಟುಕೊಳ್ಳಿ.

ಪ್ರಶ್ನೆ: ಇಷ್ಟವಾದ ಪುಸ್ತಕದ ಲೇಖಕರಿಗೆ ಬರೆಯಬೇಕು ಅನ್ನಿಸುತ್ತದೆ. ತಪ್ಪು ತಿಳಿದುಕೊಳ್ಳುತ್ತಾರಾ?

ಉತ್ತರ: ಬರೆಯಿರಿ. ಹೆಸರಾದವರಿಗೆ ದಿನಾ ಪತ್ರ ಬರುತ್ತದೆ, ಇವರಿಗೆ ಬರುವುದಿಲ್ಲ. ನಾನು ಆ ಗಡಿಯಾರದವರಿಗೆ ಬರೆದಿದ್ದೆ: 112ನೇ ಪುಟ ಎರಡು ಸಲ ಬಂದಿದೆ, 113 ಇಲ್ಲವೇ ಇಲ್ಲ ಅಂತ. ಎಂಟು ದಿನಕ್ಕೆ ಒಂದು ಕವರ್ ಬಂತು. ಒಳಗೆ 113ನೇ ಪುಟ, ಪೂರ್ತಿ ಕೈಬರಹದಲ್ಲಿ, ಪುಸ್ತಕದ ಅಳತೆಗೆ ಸರಿಯಾಗಿ ಕತ್ತರಿಸಿದ್ದರು. ಕೆಳಗೆ ಪೆನ್ಸಿಲ್‌ನಲ್ಲಿ ಒಂದು ಸಾಲು: ‘ಈ ಪ್ರತಿಗಳನ್ನು ತುಂಬಾ ಜನಕ್ಕೆ ಕೊಟ್ಟಿದ್ದೆ, 113 ಕೇಳಿದವರು ನೀವೊಬ್ಬರೇ.’ ಅದನ್ನು ಅದರ ಜಾಗದಲ್ಲೇ ಅಂಟಿಸಿದ್ದೇನೆ. ಅಂಟು ಸ್ವಲ್ಪ ಜಾಸ್ತಿಯಾಗಿ ಪಕ್ಕದ 112ಕ್ಕೂ ಹಿಡಿದುಕೊಂಡಿತು, ಬಿಡಿಸುವಾಗ ಒಂದು ಮೂಲೆ ಹರಿಯಿತು.