ಜಪಾನಿನಲ್ಲಿ ಬಾಡಿಗೆ ಮನೆಗೆ ಹೋದಾಗ ಅಕ್ಕಪಕ್ಕದವರ ಜೊತೆ ಹೇಗಿರಬೇಕು?

ಮೊದಲ ವಾರದೊಳಗೆ ಒಮ್ಮೆ ಮುಖ ತೋರಿಸಿ ಬನ್ನಿ. ಅಪಾರ್ಟ್‌ಮೆಂಟ್ ಆದರೆ ಎಡ, ಬಲ, ಮೇಲೆ, ಕೆಳಗೆ, ಇಷ್ಟು ಮನೆ ಸಾಕು. ಕೈಯಲ್ಲಿ 500ರಿಂದ 1000 ಯೆನ್ ಒಳಗಿನ ಟವೆಲ್, ಬಟ್ಟೆ ಸೋಪು ಅಥವಾ ಪ್ಯಾಕ್ ಮಾಡಿದ ಬಿಸ್ಕತ್ತು ಇರಲಿ. ಮನೆಯಲ್ಲೇ ಮಾಡಿದ ಮೈಸೂರು ಪಾಕ್ ಬೇಡ. ಅಪರಿಚಿತರು ಕೊಟ್ಟ ಮನೆತಿಂಡಿ ತಿನ್ನಲು ಅವರು ಹಿಂಜರಿಯುತ್ತಾರೆ. ಹೆಸರು ಹೇಳಿ, "ಯೊರೊಶಿಕು ಒನೆಗಾಯ್‌ಶಿಮಾಸು" (ಇನ್ನು ಮುಂದೆ ನಿಮ್ಮ ಸಹಕಾರ ಇರಲಿ) ಎಂದು ತಲೆಬಾಗಿ ಹೊರಡಿ. ಒಳಗೆ ಕರೆಯುವುದಿಲ್ಲ, ಅದು ಅವಮಾನವೂ ಅಲ್ಲ. ದೊಡ್ಡ ನಗರಗಳಲ್ಲಿ ಈ ಪದ್ಧತಿ ಕಡಿಮೆಯಾಗುತ್ತಿದೆ. ಒಂಟಿ ಹೆಣ್ಣುಮಕ್ಕಳು ಸುರಕ್ಷತೆಗಾಗಿ ಬಿಟ್ಟುಬಿಡುವುದೂ ಉಂಟು.

ನಿಜವಾಗಿ ಸಂಬಂಧ ಕೆಡುವುದು ಕಸದಿಂದ. ಮನೆಗೆ ಬಂದ 14 ದಿನದೊಳಗೆ ವಿಳಾಸ ನೋಂದಾಯಿಸಲು ಪುರಸಭೆಗೆ ಹೋಗಲೇಬೇಕು, ಆಗಲೇ ಕಸದ ಕ್ಯಾಲೆಂಡರ್ ಕೇಳಿ ಪಡೆಯಿರಿ. ನಿಯಮ ಊರಿಂದೂರಿಗೆ ಬೇರೆ. ಸುಡುವ ಕಸಕ್ಕೆ ಸಾಮಾನ್ಯವಾಗಿ ವಾರಕ್ಕೆ ಎರಡು ದಿನ. ಹಲವು ಕಡೆ ಬೆಳಿಗ್ಗೆ 8ರೊಳಗೆ ಇಡಬೇಕು, ಕೆಲವೆಡೆ ನಿಗದಿತ ಚೀಲವನ್ನೇ ಅಂಗಡಿಯಲ್ಲಿ ಕೊಳ್ಳಬೇಕು. ಹಿಂದಿನ ರಾತ್ರಿ ಇಟ್ಟರೆ ಬೆಳಗಾಗುವಷ್ಟರಲ್ಲಿ ಕಾಗೆಗಳು ಹರಿದು ಹರಡಿರುತ್ತವೆ. ಬಲೆ ಇದ್ದರೆ ಅದರಡಿಗೇ ತಳ್ಳಿ. ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ, ಲೇಬಲ್ ತೆಗೆದು ಒಳಗೆ ತೊಳೆಯಿರಿ. ತಪ್ಪಾಗಿ ವಿಂಗಡಿಸಿದ ಚೀಲಕ್ಕೆ ಚೀಟಿ ಅಂಟಿಸಿ ಅಲ್ಲೇ ಬಿಟ್ಟುಹೋಗುತ್ತಾರೆ. ಅದು ಯಾರದೆಂದು ಗೊತ್ತಾಗದಿದ್ದರೂ ಅನುಮಾನ ಮೊದಲು ವಿದೇಶಿಯ ಮೇಲೇ. ಹಾಸಿಗೆ, ಸೋಫಾಕ್ಕೆ ಮುಂಚೆಯೇ ಬುಕ್ ಮಾಡಬೇಕು. ಬಹಳಷ್ಟು ಊರುಗಳಲ್ಲಿ ಶುಲ್ಕದ ಸ್ಟಿಕರ್ ಕನ್ವೀನಿಯನ್ಸ್ ಸ್ಟೋರ್‌ನಲ್ಲೇ ಸಿಗುತ್ತದೆ.

ರಾತ್ರಿ 9ರ ನಂತರ ವಾಷಿಂಗ್ ಮಷೀನ್, ಮಿಕ್ಸಿ ಹಾಕಬೇಡಿ. ಮರದ ಕಟ್ಟಡದಲ್ಲಿ ಸದ್ದು ಗೋಡೆ ದಾಟುತ್ತದೆ. ಆದರೂ ಯಾರೂ ಬಾಗಿಲು ತಟ್ಟಿ ಜಗಳಕ್ಕೆ ಬರುವುದು ಅಪರೂಪ. ದೂರು ಮನೆ ನೋಡಿಕೊಳ್ಳುವ ಕಂಪನಿಗೆ ಹೋಗಿ, ಹೆಸರಿಲ್ಲದ ನೋಟಿಸಾಗಿ ಎಲ್ಲರ ಅಂಚೆಪೆಟ್ಟಿಗೆಗೆ ಬಂದು ಬೀಳುತ್ತದೆ. ಅಂಥದ್ದು ಕಂಡರೆ "ನನಗಲ್ಲ" ಅಂದುಕೊಳ್ಳಬೇಡಿ.